ಫಿಲ್ಮಕ್ಕನ ಓರೆ ಜರಡಿ

ನನ್ನ ಬೆಸುಗೆಗಳ ಮೇಲೆ ಹತ್ತೊಂಬತ್ತು ವರ್ಷ ಕೆಂಪು ಪೆನ್ಸಿಲ್ ಆಡಿಸಿದ ಹೆಂಗಸಿನ ಪರವಾಗಿ ನಾನೇ ಕೂತು ಬರೆಯುತ್ತೇನೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ನಿನಗೆ ತಲೆ ಕೆಟ್ಟಿದೆ ಅನ್ನುತ್ತಿದ್ದೆ. ನಾನು ವೆಲ್ಡರ್. ನಮ್ಮದು ಬಾಯ್ಲರ್ ಕಾರ್ಖಾನೆ. ಹಡಗಿಗೆ ಹಾಕುವಂಥ ದೊಡ್ಡ ಬಾಯ್ಲರ್ ಅಲ್ಲ. ಆಸ್ಪತ್ರೆಗೆ, ಬಟ್ಟೆ ಒಗೆಯುವ ಅಂಗಡಿಗೆ ಹಬೆ ಕೊಡುವ ಆಳೆತ್ತರದ ಬಾಯ್ಲರ್. ತಗಡಿಗೆ ತಗಡು ಬೆಸೆಯುವುದು ನನ್ನ ಕೆಲಸ. ಆ ಬೆಸುಗೆಯ ಎಕ್ಸ್-ರೇ ಫಿಲ್ಮ್ ನೋಡಿ, ಒಳಗೆ ಬಿರುಕಿದೆಯೋ ಇಲ್ಲವೋ ತೀರ್ಮಾನಿಸಿ, ಕೆಳಗೆ ಸಹಿ ಹಾಕುವುದು ಅವಳ ಕೆಲಸ. ಅವಳ ಸಹಿ ಇಲ್ಲದೆ ಒಂದು ಬಾಯ್ಲರೂ ಗೇಟು ದಾಟುವಂತಿರಲಿಲ್ಲ. ಕಾರ್ಖಾನೆಯವರಿಗೆಲ್ಲ ಅವಳು ಫಿಲ್ಮಕ್ಕ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಆದರೂ ಅಕ್ಕ. ಮೊದಮೊದಲು ಬೆಣ್ಣೆ ಹಚ್ಚಲೆಂದು ಅಕ್ಕಾ ಅನ್ನುತ್ತಿದ್ದೆ, ಆಮೇಲೆ ಬಾಯಿಗೆ ಅದೇ ರೂಢಿಯಾಯಿತು.

ಬೆಣ್ಣೆಯೇನೂ ಹತ್ತಲಿಲ್ಲ. ಪ್ರತಿ ಫಿಲ್ಮಿನ ಮೂಲೆಯಲ್ಲಿ ಬೆಸೆದವನ ನಂಬರು ಮೂಡಿರುತ್ತದೆ, ನನ್ನದು ಹದಿನಾಲ್ಕು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲಿಡುವ ಮೊದಲು ಅವಳು ಆ ಮೂಲೆಗೆ ಒಂದು ಬೆರಳಗಲದ ಕಾಗದದ ಚೀಟಿ ಸಿಕ್ಕಿಸುತ್ತಿದ್ದಳು. ಓದಿ ಮುಗಿಸಿ, ತಪ್ಪಿದ್ದಲ್ಲಿ ಕೆಂಪು ಸುತ್ತು ಹಾಕಿದ ಮೇಲೆಯೇ ಚೀಟಿ ತೆಗೆಯುವುದು. ಇದೇನು ನಾಟಕ ಎಂದು ಒಮ್ಮೆ ರೇಗಿದೆ.

"ನಾಟಕ ಅಲ್ಲ ಅಣ್ಣ. ಯಾರ ಕೈ ಅಂತ ಗೊತ್ತಾದ್ರೆ ಕಣ್ಣು ಸುಳ್ಳು ಹೇಳುತ್ತೆ," ಅಂದಳು. "ಬೇಕಾದವರದು ಅಂದ್ರೆ ಇರೋ ಬಿರುಕು ಕಾಣಲ್ಲ. ಜಗಳಗಂಟರದು ಅಂದ್ರೆ ಇಲ್ಲದ ಬಿರುಕೂ ಕಾಣುತ್ತೆ."

ಜಗಳಗಂಟ ಯಾರು ಎಂದು ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ದಡ್ಡನೂ ನಾನಲ್ಲ.

ಒಂದು ಸಲ ಮಾತ್ರ ಜಗಳ ತಾರಕಕ್ಕೆ ಹೋಯಿತು. ನನ್ನ ಒಂದೇ ಬಾಯ್ಲರಿಗೆ ಮೂರು ಕೆಂಪು ಸುತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಫಿಲ್ಮೇ ಸರಿಯಿಲ್ಲ ಎಂದು ಕೂಗಾಡಿದೆ. ಅವಳು ಎದ್ದು ಬಂದಳು. ನನ್ನ ಕೈಗೆ ಗ್ರೈಂಡರ್ ಕೊಟ್ಟು, ಬೆಸುಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಕಡೆ ಗುರುತು ಹಾಕಿ, "ಎರಡು ಮಿಲಿಮೀಟರ್ ಕೆರೆಯಿರಿ" ಅಂದಳು. ಕೆರೆದೆ. ಮೂರು ಕಡೆಯೂ ಕೂದಲೆಳೆಯಷ್ಟು ಸಣ್ಣ ಬಿರುಕು, ಮೂರೂ ಒಂದೇ ಓರೆಯಲ್ಲಿ. ಅಲ್ಲಿ ದಪ್ಪ ತಗಡಿಗೆ ತೆಳು ತಗಡು ಬೆಸೆಯುತ್ತೇವೆ. ಒಂದು ಬೇಗ ಆರುತ್ತದೆ, ಇನ್ನೊಂದು ತಡ. ಆ ಎಳೆದಾಟದಲ್ಲಿ ಬಿರುಕು ನೆಟ್ಟಗೂ ಬರದೆ ಅಡ್ಡಕ್ಕೂ ಬರದೆ ಓರೆಯಾಗಿ ಬರುತ್ತದೆ. ಇದನ್ನು ಕಂಡುಹಿಡಿದದ್ದು ಯಾವ ಎಂಜಿನಿಯರೂ ಅಲ್ಲ. ಫಿಲ್ಮ್ ತೊಳೆಯುವ ಕೆಲಸಕ್ಕೆ ಸೇರಿ, ತೊಳೆಯುತ್ತ ತೊಳೆಯುತ್ತಲೇ ಓದುವುದನ್ನು ಕಲಿತು, ಪರೀಕ್ಷೆ ಕಟ್ಟಿ ಸಹಿಯ ಹಕ್ಕು ಗಳಿಸಿದ ಇವಳು. ಅವತ್ತಿನಿಂದ ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ಕಂಪ್ಯೂಟರ್ ಬಂತು. ಫಿಲ್ಮನ್ನು ಅದರೊಳಗೆ ಇಳಿಸಿದರೆ ಚಿತ್ರ ಕೋಟಿಗಟ್ಟಲೆ ಚುಕ್ಕಿಗಳಾಗುತ್ತದೆ, ಪ್ರತಿ ಚುಕ್ಕಿಗೂ ಒಂದು ಅಂಕಿ. ಸಣ್ಣ ಬಿರುಕು ಆ ಚುಕ್ಕಿಗಳ ಗದ್ದಲದಲ್ಲಿ ಕಳೆದುಹೋಗುತ್ತದೆ. ಅದನ್ನು ಎತ್ತಿ ತೋರಿಸಲು ಫಿಲ್ಟರ್ ಬೇಕು. ಫಿಲ್ಟರ್ ಅಂದರೆ ಅಂಕಿಗಳ ಒಂದು ಚೌಕ, ಹದಿನೈದು ಸಾಲು, ಹದಿನೈದು ಕಂಬ. ಆ ಚೌಕವನ್ನು ಚಿತ್ರದ ಒಂದು ಚುಕ್ಕಿಯ ಮೇಲಿಟ್ಟು, ಅಡಿಗೆ ಬಂದ ಪ್ರತಿ ಚುಕ್ಕಿಯನ್ನೂ ಅದರ ಮೇಲಿನ ಅಂಕಿಯಿಂದ ಗುಣಿಸಿ, ಎಲ್ಲ ಕೂಡಿಸಿ, ನಡುವಿನ ಚುಕ್ಕಿಯ ಜಾಗದಲ್ಲಿ ಬರೆಯಬೇಕು. ಆಮೇಲೆ ಒಂದು ಚುಕ್ಕಿ ಪಕ್ಕಕ್ಕೆ ಸರಿದು ಮತ್ತೆ ಅದೇ. ಹೀಗೆ ಚಿತ್ರ ಮುಗಿಯುವ ತನಕ. ಫಿಲ್ಮಕ್ಕ ಇದಕ್ಕೆ ಜರಡಿ ಎಂದು ಹೆಸರಿಟ್ಟಿದ್ದಳು. ಯಂತ್ರದ ಜೊತೆ ಐದು ಜರಡಿ ಬಂದಿದ್ದವು. ಐದರಲ್ಲೂ ಓರೆ ಬಿರುಕು ಸರಿಯಾಗಿ ಕಾಣುತ್ತಿರಲಿಲ್ಲ. ಆರನೆಯದನ್ನು ಅವಳೇ ಕಟ್ಟಿದಳು. ಚೌಕುಳಿ ಪುಸ್ತಕದಲ್ಲಿ ಅಂಕಿ ಬರೆಯುವುದು, ಯಂತ್ರಕ್ಕೆ ಕೊಡುವುದು, ಅಳಿಸುವುದು. ಎರಡು ವರ್ಷ ಹಿಡಿಯಿತು. ಮೂಲೆಯಿಂದ ಮೂಲೆಗೆ ಓರೆಯಾಗಿ ದೊಡ್ಡ ಅಂಕಿಗಳು, ಅದರ ಎರಡೂ ಬದಿಗೆ ಕಳೆಯುವ ಅಂಕಿಗಳು. ಅದೇ ಓರೆ ಜರಡಿ.

ಜರಡಿ ಸರಿಯಿದೆಯೋ ಇಲ್ಲವೋ ನೋಡಲು ಅವಳದೊಂದು ಉಪಾಯವಿತ್ತು. ಪೂರ್ತಿ ಕಪ್ಪಾದ ಚಿತ್ರ, ನಟ್ಟನಡುವೆ ಒಂದೇ ಒಂದು ಬಿಳಿ ಚುಕ್ಕಿ. ಅದನ್ನು ಜರಡಿಗೆ ಕೊಟ್ಟರೆ, ಆ ಒಂದು ಚುಕ್ಕಿ ಇದ್ದ ಕಡೆ ಜರಡಿಯ ಚೌಕವೇ ಹಾಗ್ಹಾಗೇ ಮೂಡಿ ನಿಲ್ಲುತ್ತದೆ. ಓರೆ ಜರಡಿಗೆ ಕೊಟ್ಟರೆ ಪರದೆಯ ಮೇಲೆ ಓರೆಯಾದ ಒಂದು ಬಿಳಿ ಗೀಟು. "ಬೇರೆ ಏನು ತೋರಿಸಿದರೂ ಅದು ನಮ್ಮನ್ನ ಯಾಮಾರಿಸಬಹುದು ಅಣ್ಣ. ಒಂದು ಚುಕ್ಕಿ ಕೊಟ್ಟರೆ ತನ್ನ ಮುಖ ತಾನೇ ತೋರಿಸುತ್ತೆ" ಅನ್ನುತ್ತಿದ್ದಳು. ಈ ವಿದ್ಯೆಯನ್ನು ಅವಳು ಕಲಿಸಿದ್ದು ಒಬ್ಬನಿಗೆ ಮಾತ್ರ. ಅವಳ ತಮ್ಮನಿಗೆ.

ತಮ್ಮ ಅಂದರೆ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅಪ್ಪ ಇಲ್ಲದ ಮನೆಯಲ್ಲಿ ಅವಳೇ ಓದಿಸಿದಳು, ಮ್ಯಾನೇಜರ್ ಹತ್ತಿರ ಮಾತಾಡಿ ನಮ್ಮಲ್ಲೇ ಕಂಪ್ಯೂಟರ್ ಕೆಲಸಕ್ಕೆ ಸೇರಿಸಿದಳು. ಒಂದೇ ಮನೆ, ಮಹಡಿಯ ಮೇಲೆ ಅವನೂ ಹೆಂಡತಿಯೂ, ಕೆಳಗೆ ಇವಳು, ಇವಳ ಗಂಡ, ತಾಯಿ. ಯಾರಾದರೂ ಅವನನ್ನು ಹೊಗಳಿದರೆ "ನನ್ನ ಪುಟ್ಟ" ಎಂದು ಮುಖ ಅಗಲಿಸುವಳು. ಒಳ್ಳೆಯ ತಲೆ, ಅದನ್ನು ನಾನೂ ಒಪ್ಪುತ್ತೇನೆ.

ಓರೆ ಜರಡಿಗೆ ಒಂದು ಫಿಲ್ಮ್ ಸೋಸಲು ಹನ್ನೊಂದು ನಿಮಿಷ ಬೇಕಿತ್ತು. ಒಂದು ಬಾಯ್ಲರಿಗೆ ನಲವತ್ತು ಫಿಲ್ಮ್. ಅಂಗಳದಲ್ಲಿ ಬಾಯ್ಲರುಗಳು ಸಾಲುಗಟ್ಟಿ ಕಾಯುತ್ತಿದ್ದವು. ಮ್ಯಾನೇಜರ್ ಒಂದು ದಿನ ಊಟದ ಕೋಣೆಗೇ ಬಂದು, "ಎರಡು ನಿಮಿಷದೊಳಗೆ ಇಳಿಸಿದವನಿಗೆ ಕಂಪ್ಯೂಟರ್ ವಿಭಾಗವನ್ನೇ ಕೊಡ್ತೀನಿ" ಎಂದು ಎಲ್ಲರ ಎದುರು ಹೇಳಿಹೋದರು. ತಮ್ಮನ ಕಿವಿ ನೆಟ್ಟಗಾಯಿತು.

ಒಂದು ವಾರದ ನಂತರ ಅದೇ ಊಟದ ಕೋಣೆಯ ಮೇಜಿನ ಮೇಲೆ ಅವನು ನಟ್ಟುಗಳನ್ನು ಚೌಕವಾಗಿ ಜೋಡಿಸಿ ನಮಗೆ ಪಾಠ ಹೇಳಿದ.

"ಒಂದೊಂದು ಚುಕ್ಕಿಗೂ ಈ ಇಡೀ ಚೌಕ ಯಾಕೆ ಹೊರಬೇಕು? ಹದಿನೈದು ಹದಿನೈದಲ ಇನ್ನೂರ ಇಪ್ಪತ್ತೈದು ಗುಣಾಕಾರ. ಮೊದಲು ಒಂದು ಸಾಲು ಮಾತ್ರ ಹಿಡಿದು ಇಡೀ ಚಿತ್ರ ಓಡಿಸೋದು. ಬಂದ ಉತ್ತರದ ಮೇಲೆ ಒಂದು ಕಂಬ ಓಡಿಸೋದು. ಹದಿನೈದು, ಹದಿನೈದು, ಮೂವತ್ತಕ್ಕೆ ಮುಗೀತು. ಉತ್ತರ ಮಾತ್ರ ಅದೇ."

"ಅದು ಹೆಂಗಪ್ಪಾ ಅದೇ?" ಅಂದೆ.

"ಮಗ್ಗಿ ಪಟ್ಟಿ ನೋಡಿದೀರಲ್ಲ ಅಣ್ಣ? ಮೇಲೊಂದು ಸಾಲು, ಪಕ್ಕದಲ್ಲಿ ಒಂದು ಕಂಬ ಗೊತ್ತಿದ್ದರೆ ಸಾಕು, ಒಳಗಿನ ಅಂಕಿಯೆಲ್ಲ ತಾನಾಗೇ ಬರುತ್ತೆ. ಚೌಕವೂ ಹಾಗೇ."

ಫಿಲ್ಮಕ್ಕ ನಟ್ಟುಗಳನ್ನೇ ನೋಡುತ್ತಿದ್ದಳು. ಓರೆಯಾಗಿ ಕೆಲವನ್ನು ಉಳಿಸಿ, ಮಿಕ್ಕವನ್ನು ಬದಿಗೆ ಸರಿಸಿದಳು. "ಪುಟ್ಟ, ಓರೆ ಜರಡಿ ಮಗ್ಗಿ ಥರ ಇಲ್ಲವಲ್ಲ. ಇದನ್ನ ಒಂದು ಸಾಲು, ಒಂದು ಕಂಬದಲ್ಲಿ ಹೆಂಗೆ ಹಿಡಿಸ್ತೀಯ?"

ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಳು. ಅವನು ನಕ್ಕ. "ಅದಕ್ಕೂ ದಾರಿ ಇದೆ ಅಕ್ಕಾ. ಒಂದು ಜೋಡೀಲಿ ಆಗದಿದ್ದರೆ ನಾಲ್ಕು ಜೋಡಿ ಹಾಕಿ ಕೂಡಿಸಿದರೆ ಹೆಚ್ಚುಕಡಿಮೆ ಅದೇ ಬರುತ್ತೆ. ನೋಡ್ತೀನಿ ಬಿಡು."

ತಿಂಗಳೊಳಗೆ ಯಂತ್ರ ಓಡಿತು. ಆರೂ ಜರಡಿ, ಒಂದೊಂದೂ ಒಂದೂವರೆ ನಿಮಿಷ. ಮ್ಯಾನೇಜರ್ ಅವನ ಬೆನ್ನು ತಟ್ಟಿದರು, ಫೋಟೋ ತೆಗೆಸಿದರು. ಗಲಾಟೆಯ ಮಧ್ಯೆ ಫಿಲ್ಮಕ್ಕ ಅವನ ತೋಳು ಹಿಡಿದು ಮೆಲ್ಲಗೆ ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ.

"ಚುಕ್ಕಿ ಕೊಟ್ಟು ನೋಡಿದೆಯಾ?"

"ಎಲ್ಲ ನೋಡಿದೀನಿ ಅಕ್ಕಾ. ಏನು, ನನ್ನ ಮೇಲೂ ಚೀಟಿ ಸಿಕ್ಕಿಸ್ತೀಯಾ?"

ಅವಳಿಗೆ ನಗು ಬಂತು. ನಕ್ಕು, ಹೊಸ ಯಂತ್ರ ಒಪ್ಪಿದ್ದೇನೆ ಎಂಬ ಹಾಳೆಗೆ ಸಹಿ ಹಾಕಿದಳು. ಹತ್ತೊಂಬತ್ತು ವರ್ಷದಲ್ಲಿ ಯಾರ ಕೈ ಎಂದು ನೋಡಿ ಅವಳು ಒಪ್ಪಿದ್ದು ಅದೊಂದೇ.

ಮುಂದಿನ ನಾಲ್ಕು ತಿಂಗಳು ನನ್ನ ಒಂದು ಬೆಸುಗೆಯೂ ತಿರುಗಿ ಬರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕೈ ಕೊನೆಗೂ ಪಳಗಿತು ಎಂದುಕೊಂಡೆ. ಹೊಸಬರಿಗೆ ಬುದ್ಧಿ ಹೇಳಲು ಶುರುಮಾಡಿದೆ. ಮನೆಯಲ್ಲಿ ಹೆಂಡತಿ "ಏನು, ಇತ್ತೀಚೆಗೆ ಎದೆ ಮುಂದಾಗಿದೆ" ಅಂದಳು. ಫಿಲ್ಮಕ್ಕನಿಗೂ ಒಂದೆರಡು ಸಲ ಅನುಮಾನ ಬಂದಿತ್ತಂತೆ, ಇಷ್ಟು ದಿನ ಓರೆ ಬಿರುಕು ಒಂದೂ ಇಲ್ಲವಲ್ಲ ಎಂದು. ತಗಡು ಒಳ್ಳೆಯದು ಬರುತ್ತಿದೆ ಎಂದು ತಮ್ಮ ಸಮಾಧಾನ ಹೇಳಿದನಂತೆ.

ಐದನೆಯ ತಿಂಗಳಲ್ಲಿ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಮ್ಮ ಬಾಯ್ಲರ್ ಬಾಯಿಬಿಟ್ಟಿತು. ಬೆಸುಗೆ ಒಂದು ಗೇಣು ಸೀಳಿ ಕುದಿನೀರು ಎದುರಿನ ಗೋಡೆಗೆ ರಾಚಿತ್ತು. ಅಲ್ಲೇ ನಿಂತು ಕೆಲಸ ಮಾಡುವ ಹೆಂಗಸು ಬುಟ್ಟಿ ತರಲೆಂದು ಪಕ್ಕದ ಕೋಣೆಗೆ ಹೋಗಿದ್ದಳು. ಅದೊಂದರಿಂದ ಅವಳ ಮುಖ ಉಳಿಯಿತು. ಸೀಳಿದ ತಗಡು ಕಾರ್ಖಾನೆಗೆ ಬಂತು. ಓರೆ ಬಿರುಕು. ಅಂಚಿನಲ್ಲಿ ನಂಬರು ಹದಿನಾಲ್ಕು. ಕಾಗದದಲ್ಲಿ ಫಿಲ್ಮಕ್ಕನ ಸಹಿ.

ಅವತ್ತೇ ಅವಳು ಬಾಗಿಲು ಹಾಕಿಕೊಂಡು ಯಂತ್ರಕ್ಕೆ ಒಂದು ಬಿಳಿ ಚುಕ್ಕಿ ಕೊಟ್ಟಳು. ಓರೆ ಗೀಟು ಬರಲಿಲ್ಲ. ಹೆಬ್ಬೆರಳು ಒತ್ತಿದ ಹಾಗೆ ಒಂದು ದುಂಡನೆಯ ಮಸುಕು ಬಂತು. ಅಂದರೆ ಯಂತ್ರ ಓಡಿಸುತ್ತಿದ್ದದ್ದು ಒಂದೇ ಸಾಲು, ಒಂದೇ ಕಂಬ. ಓರೆ ಎಲ್ಲಿಯೂ ಇಲ್ಲ. ತಮ್ಮನನ್ನು ಕರೆಸಿದಳು. ಅವನು ಬಂದು ಪರದೆ ನೋಡಿದ.

"ಐದಕ್ಕೂ ಚುಕ್ಕಿ ಕೊಟ್ಟೆ ಅಕ್ಕಾ. ಇದೊಂದಕ್ಕೆ ಕೊಡೋದು ಮರೆತೆ. ದೇವರಾಣೆ, ಮರೆತೆ." ಅತ್ತ. ವಿಭಾಗ ಸಿಕ್ಕಿ ಇನ್ನೂ ನಾಲ್ಕು ತಿಂಗಳು, ಈಗ ಹೆಸರು ಕೆಟ್ಟರೆ ಎಲ್ಲೂ ಕೆಲಸ ಸಿಗುವುದಿಲ್ಲ ಎಂದ. ಅವಳು ಅವನ ತಲೆ ಸವರಿದಳಂತೆ. ಇದನ್ನೆಲ್ಲ ವಿಚಾರಣೆಗೆ ಮುಂಚೆ ಅವಳೇ ನನಗೆ ಹೇಳಿದ್ದಳು.

ವಿಚಾರಣೆಗೆ ಹೊರಗಿನಿಂದ ಇನ್ಸ್‌ಪೆಕ್ಟರ್ ಬಂದರು. ಬೆಸೆದವನೆಂದು ನನ್ನನ್ನೂ ಕೂರಿಸಿದ್ದರು. ಫಿಲ್ಮಕ್ಕ ಎದ್ದು ನಿಂತು, "ಜರಡಿ ಬದಲಾಗಿದೆ. ಬದಲಾದದ್ದು ನನಗೆ ಗೊತ್ತಿತ್ತು. ಪರೀಕ್ಷೆ ಮಾಡಬೇಕಾದವಳು ನಾನು, ಮಾಡದೆ ಸಹಿ ಹಾಕಿದೆ. ತಪ್ಪು ನನ್ನದು" ಅಂದಳು. ಇನ್ಸ್‌ಪೆಕ್ಟರ್ ತಮ್ಮನ ಕಡೆ ತಿರುಗಿದರು. ಅವನು ನೆಲ ನೋಡುತ್ತ, "ಅಕ್ಕ ಒಪ್ಪಿದ ಮೇಲೇ ಶುರು ಮಾಡಿದ್ದು ಸಾರ್" ಅಂದ. ಅಷ್ಟೇ ಅಂದ. ನಾನು ಮರೆತೆ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ನಾನು ಏಳಹೋದೆ. ಅವಳು ನನ್ನ ಕಡೆ ನೋಡಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು.

ಅವಳ ಸಹಿಯ ಹಕ್ಕು ಎರಡು ವರ್ಷಕ್ಕೆ ಹೋಯಿತು. ಸಹಿಯ ಪಕ್ಕ ಒತ್ತುವ ಮೊಹರನ್ನು ಅವಳೇ ಒರೆಸಿ, ಡಬ್ಬಿಯಲ್ಲಿಟ್ಟು, ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಳು.

"ಯಾಕಕ್ಕಾ ಹೀಗೆ ಮಾಡಿದಿರಿ?" ಎಂದು ಆಮೇಲೆ ಬೈದೆ.

"ಮರೆವು ಯಾರಿಗಿಲ್ಲ ಅಣ್ಣ? ಅವನು ಮರೆತ, ನಾನು ನೋಡಲಿಲ್ಲ. ಇಬ್ಬರದೂ ಒಂದೇ ತಪ್ಪು. ನನಗೆ ವಯಸ್ಸಾಯ್ತು, ಅವನು ಬಾಳಬೇಕು. ಹೊಟ್ಟೆಗೆ ಹಾಕ್ಕೊಂಡೆ."

ಆ ನಾಲ್ಕು ತಿಂಗಳಲ್ಲಿ ಹೋದ ಬಾಯ್ಲರುಗಳನ್ನೆಲ್ಲ ನಿಲ್ಲಿಸಿ, ಅವುಗಳ ಫಿಲ್ಮುಗಳನ್ನು ಹಳೆಯ ಜರಡಿಯಲ್ಲೇ ಮತ್ತೆ ಸೋಸಬೇಕೆಂದು ಆಜ್ಞೆಯಾಯಿತು. ಸಹಿ ಹಾಕಲು ಹೊರಗಿನವರೊಬ್ಬರು ಬರುತ್ತಿದ್ದರು. ಸೋಸಿ, ಗುರುತು ಹಾಕಿಕೊಡುವ ಕೆಲಸ ಇವಳದೇ. ಬಿರುಕು ಸಿಕ್ಕ ಬೆಸುಗೆಯನ್ನು ಕೆರೆದು ಮತ್ತೆ ಬೆಸೆಯಬೇಕಾದವನು ನಾನು, ಹೀಗಾಗಿ ದಿನವೂ ಅವಳ ಕೋಣೆಯಲ್ಲೇ ಇರುತ್ತಿದ್ದೆ. ಮೊದಲ ವಾರದಲ್ಲೇ ಏಳು ಓರೆ ಬಿರುಕು. ಐದು ನನ್ನವು. ಪಳಗಿದ ಕೈ ಅಂತೆ!

ಎಂಟನೆಯ ದಿನ ಬೆಳಗ್ಗೆ ಅವಳು ಜರಡಿಯ ಹಳೆಯ ಅಂಕಿಗಳನ್ನು ಹೋಲಿಸಿ ನೋಡಲೆಂದು ತಮ್ಮನ ಕಡತಗಳನ್ನು ತೆರೆದಳು. ಅಲ್ಲಿ "ಚುಕ್ಕಿ" ಎಂಬ ಹೆಸರಿನ ಚಿತ್ರಗಳಿದ್ದವು. ಒಂದು, ಎರಡು, ಐದರ ತನಕ. "ಪಾಪ, ಐದಕ್ಕೆ ಕೊಟ್ಟಿದ್ದು ನಿಜ ಅಣ್ಣ" ಅಂದಳು, ಅವನ ಪರವಾಗಿ ನನ್ನೊಡನೆ ವಾದ ಗೆದ್ದವಳ ಹಾಗೆ. ಪಟ್ಟಿಯನ್ನು ಇನ್ನಷ್ಟು ಕೆಳಗೆ ಇಳಿಸಿದಳು. ಆರನೆಯದೂ ಇತ್ತು.

ತೆರೆದಳು. ದುಂಡನೆಯ ಮಸುಕು. ದಿನಾಂಕ, ಯಂತ್ರ ಓಡಿಸಿದ ದಿನಕ್ಕಿಂತ ಒಂಬತ್ತು ದಿನ ಮೊದಲಿನದು. ಅದರ ಕೆಳಗೆ ಇನ್ನೊಂದು ಚಿತ್ರ, ಅದೇ ದಿನದ್ದು. "ಆರು, ನಾಲ್ಕು ಜೋಡಿ, ಆರು ನಿಮಿಷ" ಎಂದು ಹೆಸರು. ತೆರೆದರೆ ಓರೆಯಾದ ಬಿಳಿ ಗೀಟು, ಅಂಚು ಸ್ವಲ್ಪ ಮಬ್ಬು, ಆದರೆ ಗೀಟು ಗೀಟೇ.

ಅಂದರೆ ಚುಕ್ಕಿ ಕೊಟ್ಟಿದ್ದ. ಮಸುಕು ಕಂಡಿದ್ದ. ಸರಿಮಾಡುವ ದಾರಿಯನ್ನೂ ಹುಡುಕಿ, ಓಡಿಸಿ, ಗೀಟು ಬಂದದ್ದನ್ನೂ ನೋಡಿದ್ದ. ಆರು ನಿಮಿಷ ಆಗುತ್ತದೆ, ಮ್ಯಾನೇಜರ್ ಕೇಳಿದ್ದು ಎರಡರೊಳಗೆ. ಅದಕ್ಕೆ ಒಂದೇ ಜೋಡಿ ಹಾಕಿ, ಮಸುಕನ್ನೇ ಅಕ್ಕನ ಕೈಗಿಟ್ಟ.

ಅವಳು ಎರಡೂ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಆಮೇಲೆ ಅಂದಳು: "ಮರೆತಿದ್ದರೆ ಎಷ್ಟು ಚೆನ್ನಾಗಿತ್ತು ಅಣ್ಣ."

ಮತ್ತೆ ಅಂದಳು: "ನನಗೆ ಮೋಸ ಆಯ್ತು."

ನಾನು ಆಡಬಾರದ ಮಾತೆಲ್ಲ ಆಡಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತಲ್ಲ ಎಂದೆ. ಈಗಲೇ ಇನ್ಸ್‌ಪೆಕ್ಟರಿಗೆ ಕಳಿಸಿ ಎಂದೆ. ಅವಳು ಎರಡೂ ಚಿತ್ರಗಳನ್ನು ಅಚ್ಚು ಹಾಕಿ ಮೇಜಿನ ಮೇಲಿಟ್ಟು, ತಮ್ಮನನ್ನು ಕರೆಸಿದಳು. ನಾನು ಎದ್ದು ಹೋಗಲು ನೋಡಿದೆ. "ಕೂತ್ಕೊಳ್ಳಿ" ಅಂದಳು.

ಅವನು ಬಂದ, ನೋಡಿದ. ಈ ಸಲ ಅಳಲಿಲ್ಲ.

"ಓರೆ ಬಿರುಕು ಬರೋದೇ ಅಪರೂಪ ಅನ್ಕೊಂಡೆ ಅಕ್ಕಾ. ಆಮೇಲೆ ಯಾವಾಗಲಾದರೂ ಸರಿಮಾಡೋಣ ಅಂತಿದ್ದೆ."

"ನನಗೆ ಹೇಳಬಹುದಿತ್ತಲ್ಲ ಪುಟ್ಟ."

"ಹೇಳಿದ್ದರೆ ನೀನು ಸಹಿ ಹಾಕ್ತಿದ್ದೆಯಾ?"

ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಹೇಗಿದ್ದರೂ ನೀನು ಆಗಲೇ ಒಪ್ಪಿಕೊಂಡಿದೀಯಲ್ಲ ಅಕ್ಕಾ. ಮೊಹರೂ ಹೋಯ್ತು. ಈಗ ಇದನ್ನ ಎತ್ತಿದರೆ ಯಾರಿಗೆ ಲಾಭ? ಅಮ್ಮನಿಗೆ ಗೊತ್ತಾದರೆ ತಡ್ಕೋತಾಳಾ?"

ಇಷ್ಟು ಹೇಳಿ ಹೋದ. ಇವನಿಗೆ ಇವಳು ಅಕ್ಷರ ತಿದ್ದಿಸಿದ್ದಳು.

ಫಿಲ್ಮಕ್ಕ ಮಸುಕಿನ ಚಿತ್ರವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟಳು. ಅದರ ಮೂಲೆಯಲ್ಲಿ, ಯಾರು ಮಾಡಿದ್ದು ಎಂಬಲ್ಲಿ, ತಮ್ಮನ ಹೆಸರಿತ್ತು. ಮೇಜಿನ ಖಾನೆಯಿಂದ ಆ ಬೆರಳಗಲದ ಚೀಟಿ ತೆಗೆದು ಹೆಸರಿನ ಮೇಲೆ ಸಿಕ್ಕಿಸಿದಳು. ಚೀಟಿ ಎರಡು ಸಲ ಜಾರಿತು.

"ಹೇಳಿ ಅಣ್ಣ," ಅಂದಳು. "ಇದು ಯಾರದ್ದು ಅಂತ ಗೊತ್ತಿಲ್ಲದಿದ್ದರೆ ಏನು ಮಾಡ್ತಿದ್ದೆ ನಾನು?"

"ತಿರುಗಿ ಕಳಿಸ್ತಿದ್ದಿರಿ."

ಕೆಂಪು ಪೆನ್ಸಿಲ್ ತೆಗೆದುಕೊಂಡು ಮಸುಕಿಗೆ ಸುತ್ತು ಹಾಕಿದಳು. ದಿನಾಂಕಕ್ಕೆ ಇನ್ನೊಂದು. ಆಮೇಲೆ ಒಂದು ಬಿಳಿ ಹಾಳೆ ತೆಗೆದು, ವಿಚಾರಣೆಯಲ್ಲಿ ತಾನು ಹೇಳಿದ್ದು ಪೂರ್ತಿ ನಿಜವಲ್ಲ, ತಮ್ಮ ಮರೆತೆನೆಂದು ತನ್ನೆದುರು ಹೇಳಿದ್ದನ್ನು ಮುಚ್ಚಿಟ್ಟೆ ಎಂದು ಬರೆದು, ಎರಡೂ ಚಿತ್ರಗಳ ಜೊತೆ ಲಕೋಟೆಯಲ್ಲಿ ಹಾಕಿದಳು. ಲಕೋಟೆಯನ್ನು ನಾನೇ ಒಯ್ದು ಅಂಚೆಗೆ ಹಾಕಿದೆ.

ತಮ್ಮನಿಂದ ವಿಭಾಗ ಹೋಯಿತು, ಕೆಲಸವೂ ಹೋಯಿತು. ವಿಚಾರಣೆಯಲ್ಲಿ ಮುಚ್ಚಿಟ್ಟದ್ದಕ್ಕೆ ಫಿಲ್ಮಕ್ಕನ ಎರಡು ವರ್ಷ ಮೂರಾಯಿತು; ಸೋಸಿ ಗುರುತು ಹಾಕುವ ಕೆಲಸ ಮಾತ್ರ ಉಳಿಯಿತು. ಮಹಡಿಯವರು ಬೇರೆ ಮನೆ ಮಾಡಿದರು; ತಾಯಿ ಮಗನ ಜೊತೆ ಹೋದರು. ಹೋಗುವಾಗ ತಾಯಿ, "ಒಡಹುಟ್ಟಿದವನನ್ನೇ ಹಿಡಿದುಕೊಟ್ಟೆ" ಅಂದರಂತೆ.

ಈಗ ಓರೆ ಜರಡಿ ನಾಲ್ಕು ಜೋಡಿಯಲ್ಲಿ ಓಡುತ್ತದೆ, ಆರು ನಿಮಿಷ. ಅವನು ಬರೆದಿಟ್ಟದ್ದನ್ನೇ ಇವಳು ಎತ್ತಿ ಹಾಕಿದ್ದಾಳೆ. ಅದು ಚೆನ್ನಾಗಿದೆ ಎಂದು ಅವಳೇ ಹೇಳುತ್ತಾಳೆ. ದಿನವೂ ಬೆಳಗ್ಗೆ ಮೊದಲ ಫಿಲ್ಮ್ ಹಾಕುವ ಮುಂಚೆ ಅದಕ್ಕೆ ಒಂದು ಬಿಳಿ ಚುಕ್ಕಿ ಕೊಟ್ಟು, ಗೀಟು ಬರುವ ತನಕ ಆರು ನಿಮಿಷ ಕೈಕಟ್ಟಿಕೊಂಡು ಕಾಯುತ್ತಾಳೆ. ಹೋದ ವಾರ ನನಗೆ ಮತ್ತೆ ಎರಡು ಕೆಂಪು ಸುತ್ತು ಬಿತ್ತು, ನಾನೇ ಹೋಗಿ ಗ್ರೈಂಡರ್ ತೆಗೆದುಕೊಂಡೆ.